ಶಾಮರಾಯರ ಪಟ್ಟಿಯಲ್ಲಿ ಕಡಲು ಇರಲಿಲ್ಲ

ಶಾಮರಾಯರ ಮೇಲೆ ನನಗೆ ಎರಡು ವರ್ಷ ಸಿಟ್ಟಿತ್ತು. ಮಾತು ಬಿಡುವಂಥ ಸಿಟ್ಟಲ್ಲ. ದಿನ ಬಿಟ್ಟು ದಿನ ಫೋನಿನಲ್ಲಿ ಮಾತಾಡುತ್ತಲೇ ಒಳಗೊಳಗೆ ಹಲ್ಲು ಕಡಿಯುವ ಸಿಟ್ಟು. ಇವತ್ತು ಅವರ ಬಗ್ಗೆ ಬರೆಯಲು ಕೂತಾಗ ಅದನ್ನು ಮುಚ್ಚಿಟ್ಟು ಬರೀ ಹೊಗಳುವುದು ಸರಿಯಲ್ಲ ಅನ್ನಿಸಿತು. ಅದಕ್ಕೇ ಮೊದಲು ಹೇಳಿಬಿಟ್ಟೆ.

ನನ್ನದು ಕುಂದಾಪುರದ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಡಿಟಿಪಿ ಅಂಗಡಿ. ಮದುವೆ ಕಾಗದ, ದೇವಸ್ಥಾನದ ಬ್ರಹ್ಮಕಲಶದ ಕರಪತ್ರ, ಶ್ರದ್ಧಾಂಜಲಿ ಬ್ಯಾನರು, ಹೀಗೆ ಊರಿನ ಸುಖದುಃಖವೆಲ್ಲ ನನ್ನ ಕೀಬೋರ್ಡಿನ ಮೇಲೆ ಹಾದು ಹೋಗುತ್ತದೆ. 2013ರಲ್ಲಿ ಒಂದು ಮಧ್ಯಾಹ್ನ ಶಾಮರಾಯರು ಬಿಳಿ ಪಂಚೆ, ಕೈಚೀಲ ಹಿಡಿದು ಬಂದರು. ಸಾಲಿಗ್ರಾಮದ ಕಡೆಯವರು. ದೇವಸ್ಥಾನದಲ್ಲಿ ನೈವೇದ್ಯದ ಅಡುಗೆ, ಪೂಜೆಗೆ ಸಹಾಯ ಎಂದು ಮೂವತ್ತೈದು ವರ್ಷ ದುಡಿದು ಆಗಷ್ಟೇ ಮಗನಿಗೆ ಬಿಟ್ಟುಕೊಟ್ಟಿದ್ದರು. ಚೀಲದಲ್ಲಿ ಅವರ ತಂದೆ ಬರೆದಿಟ್ಟ ಒಂದು ನೋಟುಪುಸ್ತಕವಿತ್ತು. ಹಾಳೆಗಳು ಉದುರುತ್ತಿವೆ, ಟೈಪ್ ಮಾಡಿಕೊಡಬೇಕು ಎಂದರು.

ಆ ತಂದೆಯೂ ಶಾಮರಾಯರೂ ಮನೆ ಮನೆಯಲ್ಲಿ ಪುರಾಣ ಓದುತ್ತಿದ್ದವರು. ಆಷಾಢ, ಶ್ರಾವಣದಲ್ಲಿ ಗದ್ದೆ ಕೆಲಸ ಮುಗಿದ ಮೇಲೆ ಊರವರು ಕರೆಸಿ ಓದಿಸುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಶುರುಮಾಡಿ ಎರಡು ತಾಸು ರಾಗವಾಗಿ ಓದಿ, ನಡುನಡುವೆ ಅರ್ಥ ಹೇಳುವುದು. ಆ ನೋಟುಪುಸ್ತಕದಲ್ಲಿ ಇದ್ದದ್ದು ಯಾವ ಮನೆಗೆ ಯಾವ ಭಾಗ ಎಂಬ ಲೆಕ್ಕಾಚಾರ. ಬಸುರಿ ಇರುವ ಮನೆಯಲ್ಲಿ ಯುದ್ಧ ಓದಬಾರದು. ಪಾಲು ಪಂಚಾಯಿತಿ ನಡೆಯುತ್ತಿರುವ ಮನೆಯಲ್ಲಿ ಅಣ್ಣತಮ್ಮಂದಿರ ಜಗಳ ಬೇಡ. ಹಸು ಸತ್ತ ಮನೆಯಲ್ಲಿ ಗೋವಿನ ಕಥೆಯನ್ನು ಒಂದು ವರ್ಷ ಮುಟ್ಟಬಾರದು. ಎಲ್ಲಕ್ಕಿಂತ ದೊಡ್ಡದು, ಕಥೆಯಲ್ಲಿ ಯಾರಾದರೂ ಸತ್ತಲ್ಲಿಗೋ ಕಾಡಿಗೆ ಹೋದಲ್ಲಿಗೋ ಆ ದಿನದ ಓದು ನಿಲ್ಲಿಸುವಂತಿಲ್ಲ. ಹೊತ್ತಾದರೂ ಕೇಳುವವರಿಗೆ ಸಮಾಧಾನದ ಒಂದು ನೆರಳು ಸಿಗುವ ತನಕ ಓದಿಯೇ ಪುಸ್ತಕ ಮುಚ್ಚಬೇಕು.

ಅದನ್ನು ಟೈಪ್ ಮಾಡುತ್ತ ನಾನು ಮರುಳಾದೆ. ಮುಂದಿನ ಜನವರಿಯಲ್ಲಿ ವಾಟ್ಸಾಪಿನಲ್ಲಿ ತಿಂಗಳಿಗೊಂದು ಪುಸ್ತಕ ಓದುವ ಗುಂಪು ಮಾಡಿದಾಗ, ವಿಷಯವನ್ನೂ ಪುಸ್ತಕವನ್ನೂ ಆರಿಸುವ ಕೆಲಸ ಅವರಿಗೇ ಇರಲಿ ಎಂದು ನಾನೇ ಕೈಯಾರೆ ಕೊಟ್ಟೆ. ಆಮೇಲೆ ಪರಿತಪಿಸಿದವಳೂ ನಾನೇ.

ಗುಂಪಿನಲ್ಲಿ ನಲವತ್ತಮೂರು ಜನ ಇದ್ದೆವು. ಬೈಂದೂರಿನಿಂದ ಬ್ರಹ್ಮಾವರದ ತನಕ ಹರಡಿಕೊಂಡವರು, ಮುಂಬಯಿಯ ಕ್ಯಾಂಟೀನುಗಳಲ್ಲಿ ಇರುವವರು ಏಳೆಂಟು ಮಂದಿ. ತಿಂಗಳ ಒಂದನೇ ತಾರೀಕು ವಿಷಯ, ಐದಕ್ಕೆ ಪುಸ್ತಕದ ಹೆಸರು, ಕೊನೆಯ ಭಾನುವಾರ ಮಧ್ಯಾಹ್ನ ಮೂರಕ್ಕೆ ಮಾತುಕತೆ. ಪುಸ್ತಕ ಸಿಗದವರಿಗೆ ಸಿಕ್ಕವರು ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಹೊಸಬರು ಸೇರಿದರೆ ಊರು, ಅಪ್ಪ ಅಮ್ಮನ ಹೆಸರು ಹೇಳಿ ಪರಿಚಯ ಮಾಡಿಕೊಳ್ಳಬೇಕು. ನಮ್ಮಲ್ಲಿ ಯಾರ ಮನೆಯವರು ಎಂದು ಗೊತ್ತಾಗದೆ ಮಾತು ಮುಂದೆ ಹೋಗುವುದಿಲ್ಲ, ಫೋನಿನಲ್ಲಿಯೂ ಅಷ್ಟೆ.

ಶಾಮರಾಯರು ವಿಷಯ ಹಾಕುವ ಮೊದಲು ಒಂದು ವಾರ ಫೋನು ಹಿಡಿದು ಕೂರುತ್ತಿದ್ದರು. ಒಬ್ಬೊಬ್ಬರಿಗೇ ಮಾಡಿ ಮನೆಯಲ್ಲಿ ಎಲ್ಲ ಹೇಗೆ, ಅಮ್ಮನ ಕಾಲುನೋವು ಕಡಿಮೆಯಾಯಿತಾ, ಮಗಳ ಪರೀಕ್ಷೆ ಏನಾಯಿತು ಎಂದು ಕೇಳುವುದು. ಪುಸ್ತಕದ ಸುದ್ದಿಯೇ ಇಲ್ಲ. ವಯಸ್ಸಾದವರಿಗೆ ಹೊತ್ತು ಹೋಗಬೇಕಲ್ಲ ಎಂದು ನಾನು ನಗುತ್ತಿದ್ದೆ. ಆಮೇಲೆ ಬರುತ್ತಿದ್ದ ವಿಷಯಗಳು ಹೀಗೆ: ಪ್ರಯಾಣ, ಮೇಷ್ಟ್ರುಗಳು, ಅಡುಗೆಮನೆ, ಪತ್ರಗಳು, ಹಕ್ಕಿ. ಒಂದು ತಿಂಗಳು ನಾನು ಮದುವೆ ಮುರಿದ ಹೆಂಗಸೊಬ್ಬಳ ಕಾದಂಬರಿ ಇಡೋಣ ಎಂದೆ. ಬೇಡ ಎಂದರು. ಯಾಕೆಂದು ಕೇಳಿದರೆ ಈಗ ಬೇಡ ಎಂದಷ್ಟೇ. ಆ ತಿಂಗಳು ಗುಂಪಿನ ಒಬ್ಬರ ಮಗಳು ಗಂಡನ ಮನೆ ಬಿಟ್ಟು ಬಂದಿದ್ದಳೆಂದು ನನಗೆ ಗೊತ್ತಾಗುವಷ್ಟರಲ್ಲಿ ವರ್ಷ ಕಳೆದಿತ್ತು. ಅಂಥದ್ದನ್ನೆಲ್ಲ ಅವರು ಯಾರಿಗೂ ಹೇಳುತ್ತಿರಲಿಲ್ಲ. ಹೇಳದ್ದರಿಂದಲೇ ನನಗೆ ಅವರು ಪುಕ್ಕಲರಂತೆ ಕಂಡರು.

ಅವರು ಹೇಳದೆ ಇಟ್ಟ ಇನ್ನೊಂದು ಸಂಗತಿ ಇತ್ತು. ನನಗೆ ಅದು ಕೊನೆಗೆ ಗೊತ್ತಾಯಿತು. ಓದುವವರನ್ನು ಕಾಯಿಸುವುದು ಬೇಡ, ನಿಮಗೆ ಈಗಲೇ ಹೇಳುತ್ತೇನೆ.

1997ರ ಶ್ರಾವಣದಲ್ಲಿ ನಾವುಂದದ ಕಡಲ ಬದಿಯ ಭಜನಾ ಮಂದಿರದಲ್ಲಿ ಏಳು ದಿನದ ಓದಿಗೆ ಶಾಮರಾಯರನ್ನು ಕರೆಸಿದ್ದರು. ಸುತ್ತಲಿನ ಮೀನುಗಾರರ ಮನೆಗಳವರೆಲ್ಲ ಬಂದು ಕೂರುತ್ತಿದ್ದರು. ನಾಲ್ಕನೇ ದಿನ ಬೆಳಿಗ್ಗೆ ಐದು ಜನ ಹೋದ ನಾಡದೋಣಿ ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ಮಗುಚಿತು. ಮೂವರು ಈಜಿ ಬಂದರು, ಒಬ್ಬನ ಹೆಣ ಸಿಕ್ಕಿತು. ಕುಷ್ಟ ಎಂಬವನು ಮಾತ್ರ ಸಿಗಲೇ ಇಲ್ಲ. ಅವನ ಹೆಂಡತಿ ಸುಂದರಿ, ಮೂವತ್ತು ದಾಟದ ಹೆಂಗಸು, ಏಳು ವರ್ಷದ ಮಗಳನ್ನು ಎಳೆದುಕೊಂಡು ಮರಳಿನ ಮೇಲೆ ಓಡಾಡುತ್ತಿದ್ದಳು. ಓದು ನಿಲ್ಲಿಸೋಣವೇ ಎಂದು ಶಾಮರಾಯರು ಕೇಳಿದರು. ಹಿಡಿದ ಓದನ್ನು ನಡುವೆ ಬಿಟ್ಟರೆ ಊರಿಗೇ ಒಳ್ಳೆಯದಲ್ಲ ಎಂದು ಮಂದಿರದ ಹಿರಿಯರು ಒಪ್ಪಲಿಲ್ಲ.

ಐದನೇ ದಿನ ಸಂಜೆ ಸುಂದರಿಯನ್ನು ತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಆ ದಿನ ಓದಬೇಕಾದದ್ದು ಯುದ್ಧದ ಭಾಗ. ಅವಳ ಮುಖ ನೋಡಿ ಶಾಮರಾಯರಿಗೆ ಅದನ್ನು ಓದಲು ಬಾಯಿ ಬರಲಿಲ್ಲ. ಹಾಳೆ ಮಗುಚಿ, ನೀರಿನಲ್ಲಿ ಮುಳುಗಿ ಸತ್ತನೆಂದು ಎಲ್ಲರೂ ಕೈಬಿಟ್ಟವನು ಒದ್ದೆ ಬಟ್ಟೆಯಲ್ಲಿ ಮನೆಯ ಬಾಗಿಲಿಗೆ ಬರುವ ಕಥೆ ಓದಿದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅರ್ಥ ಹೇಳುವಾಗ ಅವಳನ್ನೇ ನೋಡುತ್ತ, ಕಾಯುವುದನ್ನು ಬಿಡಬೇಡಿ, ಬರುತ್ತಾರೆ ಎಂದು ತಾವೇ ಒಂದು ಮಾತು ಸೇರಿಸಿದರು. ಪುಸ್ತಕದಲ್ಲಿ ಇಲ್ಲದ ಮಾತು.

ಸುಂದರಿ ಅದನ್ನು ಹಿಡಿದುಕೊಂಡಳು. ತಿಂಗಳಾಯಿತು, ವರ್ಷವಾಯಿತು. ಹೆಣ ಸಿಗದಿದ್ದರೆ ದರ್ಭೆಯ ಗೊಂಬೆ ಮಾಡಿ ಸುಟ್ಟು ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡುವ ಕ್ರಮ ಇದೆ. ಅವಳು ಒಪ್ಪಲಿಲ್ಲ. ಕರಿಮಣಿ ತೆಗೆಯಲಿಲ್ಲ, ಕುಂಕುಮ ಬಿಡಲಿಲ್ಲ. ಕೇಳಿದವರಿಗೆ, ಕಾಯಬೇಕು ಎಂದು ಭಟ್ಟರು ಹೇಳಿದ್ದಾರೆ ಎನ್ನುತ್ತಿದ್ದಳು. ಈ ಮಾತು ಬಸ್ಸಿನಲ್ಲಿ ಯಾರ ಬಾಯಿಂದಲೋ ಶಾಮರಾಯರ ಕಿವಿಗೆ ಬಿತ್ತು. ಮರುವರ್ಷ ಅವಳಿಗೆ ನಿಜ ಹೇಳಬೇಕೆಂದೇ ನಾವುಂದಕ್ಕೆ ಹೋದರು. ಮೀನಿನ ಬುಟ್ಟಿ ಹೊತ್ತು ಎದುರಿಗೆ ಬಂದವಳು ಬುಟ್ಟಿ ಇಳಿಸಿ ಕೈಮುಗಿದು, ಭಟ್ಟರೇ, ಮನೆಗೆ ಬನ್ನಿ ಎಂದಳು. ಹಣೆಯ ಮೇಲೆ ಕಾಸಗಲ ಕುಂಕುಮ ಇತ್ತು. ಶಾಮರಾಯರು ಬೇರೇನೋ ಕೆಲಸವಿದೆ ಎಂದು ಹೇಳಿ ಬಂದ ಬಸ್ಸಿಗೇ ಹಿಂದಿರುಗಿದರು. ಆಮೇಲೆ ಒಬ್ಬರ ಮನೆಯಲ್ಲಿಯೂ ಓದಲಿಲ್ಲ. ಟಿವಿ ಬಂದು ಪುರಾಣ ಕೇಳುವವರು ಯಾರೂ ಇಲ್ಲ ಎಂದು ಕೇಳಿದವರಿಗೆಲ್ಲ ಹೇಳಿದರು. ಎಲ್ಲರೂ ನಂಬಿದರು, ಅವರ ಹೆಂಡತಿ ವೇದಾವತಿಯಮ್ಮ ಒಬ್ಬರನ್ನು ಬಿಟ್ಟು.

2015ರ ಆಗಸ್ಟಿನಲ್ಲಿ ನಮ್ಮ ಗುಂಪಿಗೆ ಒಬ್ಬಳು ಹೊಸಬಳು ಸೇರಿದಳು. ಕುಂದಾಪುರದ ಸಹಕಾರಿ ಸಂಘವೊಂದರಲ್ಲಿ ಕೆಲಸ. ಪರಿಚಯ ಹೀಗೆ ಬರೆದಿದ್ದಳು: ಸ್ವಾತಿ, ಊರು ನಾವುಂದ, ತಂದೆ ಕುಷ್ಟ, ತಾಯಿ ಸುಂದರಿ. ನಾವೆಲ್ಲ ಕೈಮುಗಿಯುವ ಚಿತ್ರ ಹಾಕಿ ಸ್ವಾಗತಿಸಿದೆವು. ಶಾಮರಾಯರಿಂದ ಮೂರು ದಿನ ಏನೂ ಬರಲಿಲ್ಲ.

ಅವತ್ತಿನಿಂದ ಅವರ ಆಯ್ಕೆ ಇನ್ನೂ ಮೆತ್ತಗಾಯಿತು. ನೀರಿನ ಮೇಲಿನ ಪುಸ್ತಕ ಇಲ್ಲ, ಅಪ್ಪನ ಮೇಲಿನದು ಇಲ್ಲ, ಕಾಯುವವರ ಕಥೆಯಂತೂ ಇಲ್ಲವೇ ಇಲ್ಲ. ಹಾಲಾಡಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಉಮಾನಾಥಣ್ಣ ಒಂದು ದಿನ ಗುಂಪಿನಲ್ಲಿ ಬರೆದರು: ಘಟ್ಟದ ಬುಡದಲ್ಲಿರುವ ನನಗೇ ನಾಚಿಕೆಯಾಗುತ್ತದೆ, ಕಡಲ ಬದಿಯವರು ಸೇರಿ ಮೂವತ್ತು ತಿಂಗಳಲ್ಲಿ ಕಡಲ ಮೇಲೆ ಒಂದು ಪುಸ್ತಕ ಓದಲಿಲ್ಲ. ಇಪ್ಪತ್ತು ಜನ ಹೌದೆಂದರು. ಶಾಮರಾಯರು ಮುಂದಿನ ತಿಂಗಳಿಗೆ ತೋಟಗಾರಿಕೆ ಎಂದು ಹಾಕಿದರು. ನನಗೆ ಮೈ ಉರಿದು ಹೋಯಿತು.

2016ರ ಜುಲೈ ಮೂವತ್ತೊಂದಕ್ಕೆ ನಾನು ಅವರನ್ನು ಕೇಳದೆ ಗುಂಪಿನಲ್ಲಿ ಹಾಕಿಬಿಟ್ಟೆ. ಆಗಸ್ಟಿನ ವಿಷಯ ಕಡಲು. ಪುಸ್ತಕ ‘ಬಲೆ ಒಣಗುವ ಹೊತ್ತು’. ಕರಾವಳಿಯ ಉತ್ತರದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಬರೆದು ತಾವೇ ಅಚ್ಚುಹಾಕಿಸಿದ ಸಣ್ಣ ಕಾದಂಬರಿ. ದೋಣಿಯಲ್ಲಿ ಹೋದ ಗಂಡ ಬರುವುದಿಲ್ಲ. ಹೆಂಡತಿ ಕಾಯುತ್ತಾಳೆ. ಕೊನೆಯ ಅಧ್ಯಾಯದಲ್ಲಿ ದರ್ಭೆಯ ಗೊಂಬೆಗೆ ಬೆಂಕಿ ಕೊಟ್ಟು ಮನೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ನಾನು ಅದನ್ನು ಆರಿಸಿದ್ದು ಅದು ಒಳ್ಳೆಯ ಪುಸ್ತಕ ಎಂದು. ಶಾಮರಾಯರಿಗೆ ಒಂದು ಪಾಠ ಕಲಿಸಬೇಕೆಂದೂ ಇತ್ತು, ಸುಳ್ಳು ಹೇಳುವುದಿಲ್ಲ.

ಹತ್ತು ಸಲ ಫೋನ್ ಮಾಡಿದರು. ನಾನು ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಅವರು ಮೆಟ್ಟಿಲ ಮೇಲೆ ನಿಂತಿದ್ದರು.

“ಅದನ್ನ ತೆಗಿ ಶರ್ಮಿಳಾ,” ಎಂದರು.

ಯಾಕೆಂದು ಹೇಳಿದರೆ ತೆಗೆಯುತ್ತೇನೆ ಎಂದೆ. ಅವರು ಮತ್ತೆ ತೆಗಿ ಎಂದರು. ಎರಡು ವರ್ಷದ್ದೆಲ್ಲ ನನ್ನ ಬಾಯಿಂದ ಹೊರಬಂತು. ಓದುವವರನ್ನು ನೀವು ಚಿಕ್ಕ ಮಕ್ಕಳೆಂದು ತಿಳಿದಿದ್ದೀರಿ, ಯಾರು ಏನನ್ನು ತಡೆದುಕೊಳ್ಳಬಲ್ಲರು ಎಂದು ನಿರ್ಧರಿಸಲು ನೀವು ಯಾರು ಎಂದು ಕೇಳಿದೆ. ದೊಡ್ಡವರೆಂದು ನೋಡದೆ ಕೇಳಿದೆ. ಅವರು ಸ್ಟೂಲಿನ ಮೇಲೆ ಕೂತರು. ಆಮೇಲೆ, ನಾನು ನಿಮಗೆ ಆಗಲೇ ಹೇಳಿದ್ದನ್ನೆಲ್ಲ ತಲೆ ತಗ್ಗಿಸಿಕೊಂಡು ನನಗೆ ಹೇಳಿದರು. ಹೇಳಿ ಮುಗಿದ ಮೇಲೆ ನನಗೆ ಅವರ ಮುಖ ನೋಡಲಾಗಲಿಲ್ಲ. ಕಂಪ್ಯೂಟರ್ ಹಾಕಿ, ಫೋನು ತೆಗೆದು, ಆ ಮೆಸೇಜನ್ನು ಹೇಗೆ ಅಳಿಸುವುದೆಂದು ತಡಕಾಡತೊಡಗಿದೆ. ಆಗ ಬೇರೆಯವರ ಫೋನಿನಿಂದ ಅಳಿಸುವ ಸೌಲಭ್ಯವೇ ಇರಲಿಲ್ಲ ಎಂಬುದೂ ನನಗೆ ಮರೆತುಹೋಗಿತ್ತು.

ಅಷ್ಟರಲ್ಲಿ ಸ್ವಾತಿಯೇ ಬಾಗಿಲಿಗೆ ಬಂದಳು. ಅವಳ ಆಫೀಸು ಅದೇ ಬೀದಿಯ ಆ ತುದಿಯಲ್ಲಿ. ಪುಸ್ತಕ ನಿಮ್ಮ ಹತ್ತಿರ ಇದೆಯಾ ಅಕ್ಕ, ನನಗೆ ಈಗಲೇ ಬೇಕು ಎಂದಳು. ಅವಳಿಗೆ ನೆನಪಿದ್ದಂತೆ ಶಾಮರಾಯರನ್ನು ಎದುರಿಗೆ ನೋಡಿದ್ದು ಅದೇ ಮೊದಲು. ಇವರೇ ನಮ್ಮ ಶಾಮರಾಯರು ಎಂದು ನಾನು ಹೇಳಿದಾಗ ಅವಳ ಮುಖ ಅರಳಿತು.

ಅವಳು ನಿಂತುಕೊಂಡೇ ಒಂದಿಷ್ಟು ಹೇಳಿದಳು. ಅಮ್ಮನಿಗೆ ಓದಲು ಬರುವುದಿಲ್ಲ. ಪ್ರತಿ ತಿಂಗಳ ಪುಸ್ತಕವನ್ನು ಸಂಜೆ ಇವಳು ಓದಿ ಹೇಳುತ್ತಾಳೆ. ಶಾಮರಾಯರ ವಾಯ್ಸ್ ಮೆಸೇಜು ಬಂದರೆ ಅಮ್ಮ ಕೆಲಸ ಬಿಟ್ಟು ಬಂದು ಎರಡೆರಡು ಸಲ ಕೇಳುತ್ತಾರೆ. ಅಪ್ಪ ಹೋಗಿ ಹತ್ತೊಂಬತ್ತು ವರ್ಷವಾಯಿತು, ಅಮ್ಮ ಬೊಜ್ಜ ಮಾಡಲು ಬಿಟ್ಟಿಲ್ಲ. ಇವಳನ್ನು ನೋಡಲು ಬಂದ ಎರಡು ಸಂಬಂಧ ಹಿಂದೆ ಹೋಗಿವೆ. ಅಪ್ಪ ಇದ್ದಾರೆಯೇ ಇಲ್ಲವೇ ಎಂದು ಅವರು ಕೇಳುತ್ತಾರೆ, ಅಮ್ಮ ಇದ್ದಾರೆ ಎನ್ನುತ್ತಾರೆ, ಬಂದವರು ಕಾಪಿ ಕುಡಿದು ಹೋಗುತ್ತಾರೆ. ನನಗೆ ಮದುವೆಯ ಚಿಂತೆಯಲ್ಲ ಎಂದಳು. ಅಮ್ಮ ದಿನಾ ಸಂಜೆ ಕಡಲ ಬದಿಗೆ ಹೋಗಿ ನಿಲ್ಲುವುದನ್ನು ನೋಡಲು ನನ್ನಿಂದ ಇನ್ನು ಆಗುವುದಿಲ್ಲ.

ಆಮೇಲೆ ಅವಳು ಶಾಮರಾಯರ ಕಡೆ ತಿರುಗಿದಳು. “ಈ ಪುಸ್ತಕದ್ ಕಡೀ ಭಾಗ ನಂಗೆ ಓದಿ ಹೇಳೂಕ್ ಆತಿಲ್ಲೆ ರಾಯ್ರೆ, ಸ್ವರ ಕಟ್ತತ್. ನೀವ್ ಓದಿ ಗುಂಪಿಗೆ ಹಾಕ್ತ್ರ್ಯಾ? ನೀವ್ ಹೇಳ್ರೆ ಅಮ್ಮ ಕೇಂತ್ರ್.”

ಶಾಮರಾಯರು ನೆಲ ನೋಡುತ್ತ, ತನ್ನಿಂದಾಗದು ಎಂದರು. ಅವಳಿಗೆ ಅದು ಯಾಕೆಂದು ತಿಳಿಯಲಿಲ್ಲ. ಬೇಜಾರು ತೋರಿಸದೆ ಪುಸ್ತಕ ತೆಗೆದುಕೊಂಡು ಹೋದಳು. ನಾನು ಅವರಿಗೆ ಹೇಳಬೇಕಾದ್ದನ್ನೂ ಮೀರಿ ಆಗಲೇ ಹೇಳಿಯಾಗಿತ್ತು. ಅವರು ಛತ್ರಿಯನ್ನು ಅಲ್ಲೇ ಮರೆತು ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಆ ತಿಂಗಳು ಅವರಿಂದ ಗುಂಪಿಗೆ ಒಂದು ಅಕ್ಷರ ಬರಲಿಲ್ಲ. ನಾನು ಎರಡು ಸಲ ಫೋನ್ ಮಾಡಿದಾಗ ವೇದಾವತಿಯಮ್ಮ ಎತ್ತಿದರು. ಸರಿಯಾಗಿ ಊಟ ಮಾಡುತ್ತಿಲ್ಲ, ಜಗಲಿಯಲ್ಲಿ ಆ ಸಣ್ಣ ಪುಸ್ತಕ ಹಿಡಿದುಕೊಂಡು ಕೂತಿರುತ್ತಾರೆ ಎಂದರು. ಸುಂದರಿಗೆ ಒಂದು ಫೋನ್ ಮಾಡಿ ಗುಟ್ಟಾಗಿ ಹೇಳಿಬಿಡಿ ಎಂದು ಅವರು ಗಂಡನಿಗೆ ಹೇಳಿ ನೋಡಿದ್ದರಂತೆ. ಊರ ಎದುರಿಗೆ ಆಡಿದ ಮಾತನ್ನು ಊರ ಎದುರಿಗೇ ಹಿಂದೆ ತೆಗೆದುಕೊಳ್ಳಬೇಕು ಎಂದರಂತೆ ಇವರು. ಆದರೆ ಆ ಧೈರ್ಯ ತನಗೆ ಇದೆಯೋ ಇಲ್ಲವೋ ಗೊತ್ತಿಲ್ಲ ಎಂದೂ ಹೇಳಿದ್ದರಂತೆ. ನನಗೆ ಆ ದಿನಗಳಲ್ಲಿ ತುಂಬ ಹೆದರಿಕೆಯಾಯಿತು. ಅರವತ್ತೆಂಟು ವರ್ಷದ ಮನುಷ್ಯನಿಗೆ ಏನಾದರೂ ಆದರೆ ಅದು ನನ್ನ ಹಟದಿಂದ ಎಂದು ಮನಸ್ಸು ಹೇಳುತ್ತಲೇ ಇತ್ತು.

ಆಗಸ್ಟ್ ಇಪ್ಪತ್ತೆಂಟು, ಭಾನುವಾರ. ಮೂರು ಗಂಟೆಗೆ ನಾನು ಎಲ್ಲರಿಗೂ ನಮಸ್ಕಾರ ಎಂದು ಹಾಕಿದೆ. ಉಮಾನಾಥಣ್ಣ ಏನೋ ಬರೆಯುತ್ತಿದ್ದರು. ಅಷ್ಟರಲ್ಲಿ ಶಾಮರಾಯರ ವಾಯ್ಸ್ ಮೆಸೇಜು ಬಂತು. ಕುಂಭಾಶಿಯ ನಮ್ಮ ಮನೆಯ ಜಗಲಿಯ ಚಿಟ್ಟೆಯ ಮೇಲೆ ಕೂತು ನಾನು ಅದನ್ನು ಒತ್ತಿದೆ.

“ನಾವುಂದದ ಸುಂದರಿ ಕೇಂತಿದ್ರೆ ಇದ್ ಅವ್ರಿಗೆ. ತೊಂಬತ್ತೇಳ್ರಲ್ಲಿ ಮಂದಿರದಲ್ಲಿ ಓದದ್ದ್ ನಾನೇ. ಆ ಕಥಿ ಪುಸ್ತಕದೊಳ್ಗ್ ಇತ್ತ್. ಕಾಯೂದ್ ಬಿಡ್ಬೇಡಿ, ಬತ್ರ್ ಅಂದದ್ದ್ ಪುಸ್ತಕದೊಳ್ಗ್ ಇರ್ಲ. ಅದ್ ನಾನ್ ಸೇರ್ಸದ್ದ್. ಅದನ್ನ ಹೇಳೂ ಅಧಿಕಾರ ನಂಗಿರ್ಲ. ಕುಷ್ಟ ಬತ್ತಿಲ್ಲೆ, ಸುಂದರಿ. ಅವತ್ತೇ ಹೇಳ್ಕಿತ್ತ್, ಹೇಳ್ಲ. ತಪ್ಪಾಯ್ತ್.”

ಅದರ ಹಿಂದೆಯೇ ಓದು ಬಂತು. ಒಂದರ ಹಿಂದೆ ಒಂದು ನಾಲ್ಕು ಮೆಸೇಜು. ಹಳೆಯ ಕಾಲದ ರಾಗದಲ್ಲಿ ಅಲ್ಲ, ಸೀದಾ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಓದಿದರು. ಹೆಂಡತಿ ಗೊಂಬೆಗೆ ಬೆಂಕಿ ಕೊಡುತ್ತಾಳೆ. ಅವಳು ಮನೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತಾಳೆ. ಅಲ್ಲಿಗೆ ಶಾಮರಾಯರು ನಿಲ್ಲಿಸಿದರು. ಅವರ ಅಪ್ಪನ ಕ್ರಮದಂತೆ ಅಲ್ಲಿ ನಿಲ್ಲಿಸುವಂತಿಲ್ಲ. ಮುಂದೆ ಯಾವ ನೆರಳೂ ಇರಲಿಲ್ಲ, ಇವರು ಮಾಡಿಕೊಡಲೂ ಇಲ್ಲ.

ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ನಾಲ್ಕು ಗಂಟೆಯಾಯಿತು, ನಾಲ್ಕೂವರೆಯಾಯಿತು. ನಾನು ಹಾಕಿದ ನಮಸ್ಕಾರವನ್ನು ನೋಡಿದವರ ಹೆಸರುಗಳು ಮಾತ್ರ ಒಂದೊಂದೇ ಬಂದು ಸೇರುತ್ತಿದ್ದವು. ಸ್ವಾತಿಯ ಹೆಸರೂ ಇತ್ತು. ನಾನು ಫೋನನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ. ಯಾರಿಗಾಗಿ ಅಳುತ್ತಿದ್ದೇನೆಂದು ಆಗ ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲ.

ಐದು ಗಂಟೆಗೆ ಹತ್ತು ನಿಮಿಷ ಇರುವಾಗ ಸ್ವಾತಿಯ ನಂಬರಿನಿಂದ ಒಂದು ವಾಯ್ಸ್ ಮೆಸೇಜು ಬಂತು. ಮಾತಾಡಿದ್ದು ಸ್ವಾತಿಯಲ್ಲ. ಹಿಂದಿನಿಂದ ಕಡಲ ಸದ್ದು ಕೇಳುತ್ತಿತ್ತು.

“ಭಟ್ರೆ, ನಾನ್ ಸುಂದರಿ. ನಿಮ್ಮ ಸ್ವರದ್ ಗುರ್ತ್ ನಂಗೆ ಹ್ವಾದ್ ವರ್ಷವೇ ಸಿಕ್ಕಿತ್ತ್, ಮಗ್ಳಿಗ್ ಹೇಳ್ಲ. ಮೊದ್ಲ್ ಎರಡ್ ವರ್ಷ ನಾನ್ ನಂಬಿ ಕಾದೆ. ಆಮೇಲೆ ಅವ್ರ್ ಬತ್ತಿಲ್ಲೆ ಅಂದೇಳಿ ನಂಗೇ ಗೊತ್ತಾಯ್ತ್. ನಾನೂ ಕಡ್ಲ ಬದಿಯವ್ಳೇ ಅಲ್ದಾ. ಆರೆ ನೀವ್ ಓದದ್ದನ್ನ ಊರೆಲ್ಲ ಕೂಕಂಡ್ ಕೇಂಡಿದ್ರ್. ನಾನ್ ಬೊಜ್ಜ ಮಾಡ್ರೆ ಭಟ್ರ್ ಹೇಳದ್ದ್ ಸುಳ್ಳಾಯ್ತ್ ಅಂತಿದ್ರ್. ನೀವ್ ನನ್ ಮೊಖ ಕಂಡ್ಕಂಡೇ ಹಾಳಿ ಮಗ್ಚದ್ದ್ ನಾನ್ ಕಂಡಿದೆ. ನನ್ ಸಲುವಾಗಿ ಅಷ್ಟ್ ಮಾಡ್ದವ್ರನ್ನ ಸುಳ್ಳ್ ಮಾಡೂಕೆ ಮನ್ಸ್ ಬರ್ಲ. ಇವತ್ತ್ ನೀವೇ ಹೇಳ್ರಿ. ಇನ್ನ್ ನಾನ್ ಮಾಡ್ತೆ.”

ಸುಂದರಿಯಕ್ಕ ಹತ್ತೊಂಬತ್ತು ವರ್ಷ ಕುಂಕುಮ ಇಟ್ಟುಕೊಂಡು ಕಡಲ ಬದಿಗೆ ಹೋಗಿ ನಿಂತದ್ದು ಗಂಡನನ್ನು ಕಾಯಲು ಮಾತ್ರವಲ್ಲ. ಒಬ್ಬ ಓದುವವನ ಮಾತನ್ನು ಉಳಿಸಲು ಕೂಡ. ಶಾಮರಾಯರು ಆ ಹತ್ತೊಂಬತ್ತು ವರ್ಷ ಅವರು ನಂಬಿದ್ದಾರೆಂದು ಹೆದರಿ, ಆ ಮಾತನ್ನು ಹಿಂದೆ ತೆಗೆದುಕೊಳ್ಳಲಾಗದೆ ಬಾಯಿ ಮುಚ್ಚಿ ಕೂತಿದ್ದರು. ನಲವತ್ತು ಮೈಲಿಯೂ ಇಲ್ಲದ ದಾರಿ, ಗಂಟೆಗೊಂದು ಬಸ್ಸು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ, ಸಿಟ್ಟೂ ಬರುತ್ತದೆ. ಆದರೆ ಆ ಸಿಟ್ಟನ್ನು ಯಾರ ಮೇಲೆ ಇಡಬೇಕೋ ಗೊತ್ತಾಗುವುದಿಲ್ಲ.

ಮರುದಿನ ಶಾಮರಾಯರು ಫೋನ್ ಮಾಡಿ, ಇನ್ನು ಗುಂಪಿನ ಪುಸ್ತಕ ನೀನೇ ಆರಿಸು, ನನಗೆ ಬೇಡ ಎಂದರು. ನಾನು ಒಪ್ಪಲಿಲ್ಲ. ನೀವೇ ಆರಿಸಿ, ಎಲ್ಲರಿಗೂ ಮೊದಲಿನ ಹಾಗೆ ಫೋನ್ ಮಾಡಿ, ಮನೆಯ ಕ್ಷೇಮ ಕೇಳಿ, ಆದರೆ ಕೊನೆಗೆ ನಿಮಗೆ ಏನು ಓದಬೇಕೆಂದಿದೆ ಎಂದೂ ಕೇಳಿ ಎಂದೆ. ಅವರು ಆಯ್ತು ಎಂದರು. ಇಷ್ಟು ಸಣ್ಣ ಮಾತನ್ನು ಎರಡು ವರ್ಷ ಹಲ್ಲು ಕಡಿಯುವ ಬದಲು ಮೊದಲೇ ಹೇಳಬಹುದಿತ್ತು.

ಪಿತೃಪಕ್ಷದಲ್ಲಿ ಕುಷ್ಟನ ಬೊಜ್ಜ ಆಯಿತು. ದರ್ಭೆಯ ಗೊಂಬೆಗೆ ಮರಳಿನ ಮೇಲೆ ಸ್ವಾತಿಯೇ ಬೆಂಕಿ ಕೊಟ್ಟಳು, ಗಂಡುಮಕ್ಕಳು ಇಲ್ಲದ ಮನೆ ಎಂದು ಯಾರೂ ಅಡ್ಡ ಮಾತಾಡಲಿಲ್ಲ. ಬೊಜ್ಜದ ದಿನ ಊಟ ಮುಗಿದ ಮೇಲೆ ಮಂದಿರದಲ್ಲಿ ಒಂದು ತಾಸು ಓದಬೇಕೆಂದು ಸುಂದರಿಯಕ್ಕ ಶಾಮರಾಯರಿಗೆ ಹೇಳಿ ಕಳಿಸಿದ್ದರು. ನಾನು ಅವರನ್ನು ಕರೆದುಕೊಂಡು ಹೋಗಿದ್ದೆ. ಸುಂದರಿಯಕ್ಕನನ್ನು ನಾನು ನೋಡಿದ್ದು ಅಂದೇ ಮೊದಲು, ಹಣೆ ಬೋಳಾಗಿತ್ತು. ಗಟ್ಟಿ ಮೈಕಟ್ಟಿನ, ಮಾತು ಕಡಿಮೆಯ ಹೆಂಗಸು. ಶಾಮರಾಯರು ಕೈಮುಗಿದಾಗ ಅವರೂ ಕೈಮುಗಿದರು, ಅಷ್ಟೆ. ಇಬ್ಬರೂ ಹಳೆಯದನ್ನು ಎತ್ತಲಿಲ್ಲ.

ಶಾಮರಾಯರು ಮಣೆಯ ಮೇಲೆ ಕೂತು ಪುರಾಣದ ಪುಸ್ತಕ ಬಿಚ್ಚಿದರು. ಬೊಜ್ಜದ ಮನೆಗೆ ಏನು ಓದಬೇಕೆಂದು ಅವರ ಅಪ್ಪ ಬರೆದಿಟ್ಟದ್ದು ಅವರಿಗೆ ಬಾಯಿಪಾಠ. ಆದರೂ ಮುಂದಿನ ಸಾಲಿನಲ್ಲಿ ಕೂತಿದ್ದವರ ಕಡೆ ನೋಡಿದರು.

“ಎಂತ ಓದ್ಲಿ ಸುಂದರಿ?” ಎಂದರು.

ಸುಂದರಿಯಕ್ಕ ತುಂಬ ಹೊತ್ತು ಯೋಚಿಸಿದರು.

“ಅವತ್ತ್ ಬೆಳಿಗ್ಗೆ ಅವ್ರ್ ಗಂಜಿ ಉಣ್ದೇ ಹೋದ್ರ್,” ಎಂದರು. “ಹೊತ್ತಾಯ್ತ್, ಬಂದ್ ಉಣ್ತೆ ಅಂದಿರ್. ಯಾರಾರೂ ಹೊಟ್ಟಿ ತುಂಬ ಉಂಡದ್ದ್ ಅದ್ರೊಳ್ಗ್ ಇದ್ರೆ, ಅದನ್ನ ಓದಿ.”

ಶಾಮರಾಯರು ಹಾಳೆ ತಿರುವಿದರು. ದಾರಿ ನಡೆದು ದಣಿದ ಒಬ್ಬನಿಗೆ ಆಶ್ರಮದಲ್ಲಿ ಎಲೆ ಹಾಕಿ ಬಡಿಸುವ ಭಾಗ ಸಿಕ್ಕಿತು. ಓದತೊಡಗಿದರು. ಬಿಸಿ ಅನ್ನ, ತೊವ್ವೆ, ಪಲ್ಯ, ಹುಳಿ, ಹಪ್ಪಳ, ಪಾಯಸ ಎಂದು ಬರೆದದ್ದನ್ನೆಲ್ಲ ಒಂದೊಂದಾಗಿ, ನಿಧಾನವಾಗಿ ಓದಿದರು. ಒಂದನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ.